ಪ್ರಿಂಟರ್ ಕೆಟ್ಟಾಗ ನೆಟ್‌ನಲ್ಲಿ ಸಿಕ್ಕ ನಂಬರ್‌ಗೆ ಫೋನ್ ಮಾಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಮನೆಯ ಪ್ರಿಂಟರ್ ಕೈಕೊಟ್ಟಾಗ ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಹುಡುಕಿದರೂ ಅಲ್ಲಿ ಮೊದಲು ಕಾಣುವ ನಂಬರ್‌ಗೆ ಫೋನ್ ಮಾಡಬೇಡಿ. ನಾನು ಮಾಡಿದೆ. 4,999 ರೂಪಾಯಿ ಹೋಯಿತು. ಇನ್ನೊಂದು ನಿಮಿಷ ತಡವಾಗಿದ್ದರೆ ಮಗಳ ಕಾಲೇಜು ಫೀಸ್‌ಗೆ ಅಂತ ಇಟ್ಟಿದ್ದ ದುಡ್ಡೂ ಹೋಗುತ್ತಿತ್ತು. ಆ ಸ್ಥಿತಿಗೆ ನಾನು ಹೇಗೆ ಬಂದೆ ಅನ್ನೋದನ್ನು ಪೂರ್ತಿ ಬರೆಯುತ್ತೇನೆ. ಯಾಕಂದ್ರೆ ಅಲ್ಲಿಗೆ ಕರೆದುಕೊಂಡು ಹೋಗಿದ್ದು ದುರಾಸೆ ಅಲ್ಲ, ಸುಸ್ತು. ಮೂರು ತಿಂಗಳಿಂದ ಆ ಪ್ರಿಂಟರ್ ಜೊತೆ ಗುದ್ದಾಡಿ ತಲೆ ಕೆಟ್ಟಿತ್ತು.

ನಮ್ಮ ಮನೆ ಶಿವಮೊಗ್ಗದಲ್ಲಿ. ಪ್ರಿಂಟರ್ ಮತ್ತು ನನ್ನ ಹಳೇ ಡೆಸ್ಕ್‌ಟಾಪ್ ಮೇಲಿನ ರೂಮಿನಲ್ಲಿವೆ. ಹೆಂಡತಿ ಕೆಳಗಿನ ಹಾಲ್‌ನಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತಾಳೆ, ಅವಳದು ಲ್ಯಾಪ್‌ಟಾಪ್. ವಾರಕ್ಕೊಂದು ಟೆಸ್ಟ್, ಟೆಸ್ಟ್‌ಗೊಂದು ಪ್ರಶ್ನೆಪತ್ರಿಕೆ. ಮಗಳ ಪ್ರಾಜೆಕ್ಟ್, ನಮ್ಮ ಆಧಾರ್ ಪ್ರತಿ, ಕರೆಂಟ್ ಬಿಲ್ ಎಲ್ಲಾ ಅದೇ ಪ್ರಿಂಟರ್‌ನಲ್ಲಿ. ಮನೆಗೆ ಒಂದೇ ಪ್ರಿಂಟರ್ ಸಾಕು, ಎಲ್ಲರೂ ಹಂಚಿಕೊಳ್ಳೋಣ ಅಂತ ಇಂಕ್ ಟ್ಯಾಂಕ್ ಇರೋ ವೈಫೈ ಪ್ರಿಂಟರನ್ನೇ ತಂದಿದ್ದೆವು.

ಮೊದಲ ಒಂದು ತಿಂಗಳು ಚೆನ್ನಾಗೇ ಇತ್ತು. ಆಮೇಲೆ ಮಳೆಗಾಲ ಬಂತು. ಇಲ್ಲಿ ಮಳೆ ಹಿಡಿದರೆ ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತದೆ. ಪ್ರತಿ ಸಲ ಕರೆಂಟ್ ಬಂದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಪ್ರಿಂಟರ್ 'ಆಫ್‌ಲೈನ್'. ಮೇಲೆ ಹೋಗಿ ನೋಡಿದರೆ ಪ್ರಿಂಟರ್‌ನ ವೈಫೈ ದೀಪ ಹಸಿರಾಗಿ ಉರೀತಾ ಇದೆ, ಲ್ಯಾಪ್‌ಟಾಪ್‌ನಲ್ಲೂ ನೆಟ್ ಬರ್ತಾ ಇದೆ, ಆದರೆ ಇವೆರಡೂ ಒಂದಕ್ಕೊಂದು ಮಾತಾಡಲ್ಲ. ಪ್ರಿಂಟರ್ ತೆಗೆದು ಮತ್ತೆ ಸೇರಿಸಿದರೆ ಸರಿಯಾಗುತ್ತಿತ್ತು, ಮುಂದಿನ ಕರೆಂಟ್ ಹೋಗುವವರೆಗೆ. ಆಗ ಕಾರಣ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಮುಂದಿನದ್ದೇನೂ ಆಗುತ್ತಿರಲಿಲ್ಲ.

ವೈಫೈ ಸಹವಾಸವೇ ಬೇಡ ಅಂತ ಯುಎಸ್‌ಬಿ ಕೇಬಲ್ ಹಾಕಿ ಪ್ರಿಂಟರನ್ನು ಡೆಸ್ಕ್‌ಟಾಪ್‌ಗೆ ಜೋಡಿಸಿದೆ. ಡೆಸ್ಕ್‌ಟಾಪ್‌ನಿಂದ 'ಶೇರ್' ಮಾಡಿದೆ. ಇದು ನನ್ನ ಮೊದಲ ದೊಡ್ಡ ತಪ್ಪು. ಹೀಗೆ ಮಾಡಿದರೆ ಹೆಂಡತಿ ಒಂದು ಹಾಳೆ ಪ್ರಿಂಟ್ ತೆಗೆಯಬೇಕಾದರೂ ಮೇಲೆ ನನ್ನ ಡೆಸ್ಕ್‌ಟಾಪ್ ಆನ್ ಇರಬೇಕು, ಅದು ಸ್ಲೀಪ್‌ಗೆ ಹೋಗಿರಬಾರದು, ಅದರ ಯೂಸರ್ ನೇಮ್ ಪಾಸ್‌ವರ್ಡ್ ಲ್ಯಾಪ್‌ಟಾಪ್‌ಗೆ ಗೊತ್ತಿರಬೇಕು, ಎರಡರಲ್ಲೂ ನೆಟ್‌ವರ್ಕ್ 'ಪ್ರೈವೇಟ್' ಅಂತ ಇರಬೇಕು. ರೂಟರ್ ಬದಲಿಸಿದಾಗ ಡೆಸ್ಕ್‌ಟಾಪ್‌ನಲ್ಲಿ ಅದು 'ಪಬ್ಲಿಕ್' ಆಗಿ ಕೂತಿತ್ತು. ಪಬ್ಲಿಕ್ ಅಂದ್ರೆ ಬಸ್‌ಸ್ಟ್ಯಾಂಡ್‌ನ ವೈಫೈ ಇದ್ದ ಹಾಗೆ, ನಿನ್ನನ್ನು ಯಾರಿಗೂ ತೋರಿಸಬೇಡ ಅಂತ. ಅದನ್ನು ಕಂಡುಹಿಡಿಯೋಕೆ ನನಗೆ ಒಂದು ಇಡೀ ಭಾನುವಾರ ಬೇಕಾಯಿತು. ವಿಡಿಯೋಗಳನ್ನು ನೋಡಿದರೆ ಅರ್ಧಕ್ಕರ್ಧ ಹೋಮ್‌ಗ್ರೂಪ್ ಬಗ್ಗೆ, ಅಂದ್ರೆ ಮನೆಯ ಕಂಪ್ಯೂಟರ್‌ಗಳು ಫೈಲು, ಪ್ರಿಂಟರ್ ಹಂಚಿಕೊಳ್ಳೋಕೆ ಇದ್ದ ವ್ಯವಸ್ಥೆ. ವಿಂಡೋಸ್ 7ರಲ್ಲಿ ಬಂದ ಆ ಸೌಲಭ್ಯವನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದುಹಾಕಿದ್ದಾರೆ. ಇಲ್ಲದ ಬಟನ್ ಹುಡುಕುತ್ತಾ ಎಷ್ಟೋ ಹೊತ್ತು ಕೂತಿದ್ದೆ.

ಒಂದು ರಾತ್ರಿ ಹನ್ನೊಂದೂವರೆಗೆ ಮೇಲೆ ಪ್ರಿಂಟರ್ ತಾನಾಗೇ ಶುರುವಾಯಿತು. ಎಲ್ಲರೂ ಮಲಗಿದ್ದೆವು. ಓಡಿ ಹೋಗಿ ನೋಡಿದರೆ ಒಂದೇ ಪ್ರಶ್ನೆಪತ್ರಿಕೆ ಒಂದಾದ ಮೇಲೊಂದು ಬರ್ತಾ ಇದೆ. ಸಂಜೆ ಪ್ರಿಂಟ್ ಆಗಲಿಲ್ಲ ಅಂತ ಹೆಂಡತಿ ಒಂಬತ್ತು ಸಲ ಒತ್ತಿದ್ದಳು. ಒಂಬತ್ತೂ ಕ್ಯೂನಲ್ಲಿ ಕಾಯುತ್ತಾ ಕೂತಿದ್ದು, ಡೆಸ್ಕ್‌ಟಾಪ್ ಎದ್ದ ತಕ್ಷಣ ಬರೋಕೆ ಶುರುವಾಗಿದ್ದವು. ಪ್ಲಗ್ ಕಿತ್ತೆ. ಹಾಳೆ ಅರ್ಧಕ್ಕೆ ಸಿಕ್ಕಿಕೊಂಡಿತು.

ಇಷ್ಟೆಲ್ಲಾ ಆದ ಮೇಲೆ ಒಂದು ಭಾನುವಾರ ರಾತ್ರಿ. ಮರುದಿನ ಬೆಳಗ್ಗೆ ಟೆಸ್ಟ್, 28 ಮಕ್ಕಳು, ತಲಾ 4 ಪುಟ. ಲ್ಯಾಪ್‌ಟಾಪ್‌ನಿಂದ ಪ್ರಿಂಟರ್‌ಗೆ ಕನೆಕ್ಟ್ ಮಾಡಿದರೆ ಉದ್ದದ ಒಂದು ಎರರ್ ನಂಬರ್, ಕೊನೆಯಲ್ಲಿ 11ಬಿ. ಇದರ ಹಿನ್ನೆಲೆ ನನಗೆ ಆಮೇಲೆ ಗೊತ್ತಾಯಿತು. ವಿಂಡೋಸ್‌ನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವ ಸ್ಪೂಲರ್ ಅನ್ನೋ ಭಾಗದಲ್ಲಿ 2021ರಲ್ಲಿ ದೊಡ್ಡ ಭದ್ರತಾ ದೋಷಗಳು ಬೆಳಕಿಗೆ ಬಂದವು. ಜುಲೈನಲ್ಲಿ ಸುದ್ದಿಯಾದದ್ದಕ್ಕೆ ಪ್ರಿಂಟ್‌ನೈಟ್‌ಮೇರ್ ಅಂತಲೇ ಹೆಸರು ಬಿತ್ತು. ಹೊರಗಿನವರು ಅದರ ಮೂಲಕ ಕಂಪ್ಯೂಟರ್‌ನ ಪೂರ್ತಿ ಹಿಡಿತ ತೆಗೆದುಕೊಳ್ಳಬಹುದಿತ್ತು. ಮೈಕ್ರೋಸಾಫ್ಟ್ ಒಂದಾದ ಮೇಲೊಂದು ಬೀಗ ಹಾಕುತ್ತಾ ಬಂತು. ಆ ಸೆಪ್ಟೆಂಬರ್‌ನ ಅಪ್‌ಡೇಟ್ ಆದ ಮೇಲೆ ಹಂಚಿಕೊಂಡ ಪ್ರಿಂಟರ್‌ಗಳಲ್ಲಿ ಈ 11ಬಿ ಎರರ್ ಎಷ್ಟೋ ಕಡೆ ಬಂತು. ಒಂದು ಕಂಪ್ಯೂಟರ್ ಅಪ್‌ಡೇಟ್ ಆಗಿ ಇನ್ನೊಂದು ಹಳೆಯದಾಗೇ ಉಳಿದರೆ ಹೀಗಾಗಬಹುದು. ನನ್ನ ಡೆಸ್ಕ್‌ಟಾಪ್ ಎಷ್ಟೋ ಕಾಲದಿಂದ ಅಪ್‌ಡೇಟ್ ಕಂಡಿರಲಿಲ್ಲ.

ವಿಡಿಯೋದಲ್ಲಿ ಒಬ್ಬರು ರಿಜಿಸ್ಟ್ರಿಗೆ, ಅಂದ್ರೆ ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಇಡುವ ಜಾಗಕ್ಕೆ, ಹೋಗಿ ಒಂದು ಸಾಲು ಸೇರಿಸಿ ಅದರ ಬೆಲೆ 0 ಮಾಡಿ ಅಂದರು. ಮಾಡಿದೆ. ಅದು ಏನು ಅಂತ ನೋಡದೇ ಮಾಡಿದೆ. ಅದು ಆ ಬೀಗವನ್ನೇ ತೆಗೆಯುವ ಸಾಲು. ಅದೂ ಲ್ಯಾಪ್‌ಟಾಪ್‌ನಲ್ಲಿ ಮಾಡಿದ್ದರಿಂದ ಪ್ರಿಂಟರ್ ಅಂತೂ ಓಡಲಿಲ್ಲ, ಯಾಕಂದ್ರೆ ಅದು ಪ್ರಿಂಟರ್ ಹಂಚುವ ಕಂಪ್ಯೂಟರ್‌ನಲ್ಲಿ ಇದ್ದರೆ ಮಾತ್ರ ಲೆಕ್ಕಕ್ಕೆ. ಇಂಥ ಸಲಹೆ ನಿಮಗೂ ಸಿಗುತ್ತದೆ, ಕೆಲವು ಸಲ ಕೆಲಸವನ್ನೂ ಮಾಡುತ್ತದೆ. ಆದರೂ ಬೇಡ. ಮನೆಯ ಒಂದು ಪ್ರಿಂಟರ್‌ಗೋಸ್ಕರ ಬಾಗಿಲ ಚಿಲಕ ಕಿತ್ತುಹಾಕಬೇಡಿ.

ಗಂಟೆ ಹತ್ತಾಗಿತ್ತು. ಆಗ ನಾನು ಪ್ರಿಂಟರ್ ಹೆಸರು ಹಾಕಿ ಕಸ್ಟಮರ್ ಕೇರ್ ನಂಬರ್ ಹುಡುಕಿದೆ. ಮೊದಲು ಬಂದ ಸೈಟ್‌ನಲ್ಲಿ ಕಂಪನಿಯ ಲೋಗೋ, ನನ್ನ ಪ್ರಿಂಟರ್‌ನದೇ ಫೋಟೋ, '24 ಗಂಟೆ ಸೇವೆ' ಅಂತ ದೊಡ್ಡ ಅಕ್ಷರ. ಫೋನ್ ಮಾಡಿದ ತಕ್ಷಣ ಎತ್ತಿದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು ಅಲ್ವಾ? ಭಾನುವಾರ ರಾತ್ರಿ ಹತ್ತಕ್ಕೆ ಯಾವ ಕಂಪನಿ ಮೊದಲ ರಿಂಗ್‌ಗೆ ಫೋನ್ ಎತ್ತುತ್ತದೆ? ಆದರೆ ಬಂದದ್ದು ಅನುಮಾನ ಅಲ್ಲ, ಸಮಾಧಾನ. ಅಂತೂ ಒಬ್ಬ ಸಿಕ್ಕಿದ ಅಂತ.

ಅವನು ಹಿಂದಿ, ಇಂಗ್ಲಿಷ್ ಬೆರೆಸಿ ಬಹಳ ಮರ್ಯಾದೆಯಿಂದ ಮಾತಾಡಿದ. ಮಾತಿಗೊಂದು ಸರ್. ದೂರದಿಂದ ಸ್ಕ್ರೀನ್ ನೋಡೋ ಆ್ಯಪ್ ಒಂದನ್ನು ಡೆಸ್ಕ್‌ಟಾಪ್‌ಗೆ ಹಾಕಿಸಿದ, ಅದರಲ್ಲಿ ಬಂದ ನಂಬರ್ ಹೇಳಿಸಿಕೊಂಡ. ಅಲ್ಲಿಂದ ಮೌಸ್ ಅವನ ಕೈಯಲ್ಲಿ. ಈವೆಂಟ್ ವ್ಯೂವರ್ ಅನ್ನೋದನ್ನು, ಅಂದ್ರೆ ವಿಂಡೋಸ್ ತನ್ನ ಸಣ್ಣಪುಟ್ಟ ತೊಂದರೆಗಳನ್ನೆಲ್ಲಾ ಬರೆದಿಡುವ ಪಟ್ಟಿಯನ್ನು, ತೆರೆದು ಕೆಂಪು ಹಳದಿ ಗುರುತುಗಳನ್ನು ತೋರಿಸಿ 'ನೋಡಿ ಸರ್, ಇವೆಲ್ಲಾ ವೈರಸ್' ಅಂದ. ಆಮೇಲೆ ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಹೊಡೆದು 'ಫಾರಿನ್ ಅಡ್ರೆಸ್' ಅಂತ ಇರುವ ಪಟ್ಟಿ ತೋರಿಸಿದ. ಫಾರಿನ್‌ನವರು ನಿಮ್ಮ ನೆಟ್‌ವರ್ಕ್ ಒಳಗೆ ಕೂತಿದ್ದಾರೆ, ಅದಕ್ಕೇ ಪ್ರಿಂಟರ್ ಶೇರ್ ಆಗ್ತಿಲ್ಲ ಅಂದ.

ಈ ಎರಡನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆ ಕೆಂಪು ಹಳದಿ ಗುರುತುಗಳು ಪ್ರತಿ ವಿಂಡೋಸ್ ಕಂಪ್ಯೂಟರ್‌ನಲ್ಲೂ ಇರುತ್ತವೆ, ಇವತ್ತು ಅಂಗಡಿಯಿಂದ ತಂದದ್ದರಲ್ಲೂ. 'ಫಾರಿನ್ ಅಡ್ರೆಸ್' ಅಂದರೆ ನಿಮ್ಮ ಕಂಪ್ಯೂಟರ್ ಮಾತಾಡುತ್ತಿರುವ ಆ ಕಡೆಯ ವಿಳಾಸ, ಅಷ್ಟೇ. ಅದಕ್ಕೂ ಪರದೇಶಕ್ಕೂ ಸಂಬಂಧವಿಲ್ಲ.

ನನಗೆ ಆಗ ಗೊತ್ತಿರಲಿಲ್ಲ. ಒಂದು ವರ್ಷದ 'ನೆಟ್‌ವರ್ಕ್ ಸೆಕ್ಯುರಿಟಿ'ಗೆ 4,999 ಅಂದ, ಯುಪಿಐನಲ್ಲಿ ಕಳಿಸಿದೆ. ಹತ್ತು ನಿಮಿಷ ಏನೇನೋ ಮಾಡಿದ. ಆಮೇಲೆ ಪೇಮೆಂಟ್ ಸರಿಯಾಗಿ ಬಂದಿಲ್ಲ, ವಾಪಸ್ ಕಳಿಸ್ತೀನಿ, ನೆಟ್ ಬ್ಯಾಂಕಿಂಗ್ ತೆರೆಯಿರಿ ಅಂದ. ಲಾಗಿನ್ ಆದೆ. ಸ್ಕ್ರೀನ್ ಕಪ್ಪಾಯಿತು. 'ಪ್ರೊಸೆಸ್ ಆಗ್ತಿದೆ ಸರ್, ಈಗ ಒಂದು ಒಟಿಪಿ ಬರುತ್ತೆ, ಓದಿ' ಅಂದ.

ಫೋನ್ ಸ್ಪೀಕರ್‌ನಲ್ಲಿತ್ತು. ಮೆಸೇಜ್ ಬಂದಾಗ ಹೆಂಡತಿ ನನ್ನ ಪಕ್ಕದಲ್ಲಿ ನಿಂತು ಸ್ಕ್ರೀನ್ ನೋಡುತ್ತಿದ್ದಳು. ನನ್ನ ಕಣ್ಣು ಹೋಗಿದ್ದು ಆರು ಅಂಕಿಗಳ ಮೇಲೆ, ಅವಳು ಓದಿದ್ದು ಇಡೀ ಸಾಲು. ಹೊಸ ಬೆನಿಫಿಷಿಯರಿ ಸೇರಿಸಲು ಒಟಿಪಿ ಅಂತಿತ್ತು, ಅಂದ್ರೆ ನಮ್ಮ ಖಾತೆಯಿಂದ ದುಡ್ಡು ಪಡೆಯುವವರ ಪಟ್ಟಿಗೆ ಹೊಸ ಹೆಸರು. 'ರೀ, ದುಡ್ಡು ವಾಪಸ್ ಕೊಡೋನು ನಮ್ಮ ಖಾತೆಗೆ ತನ್ನ ಹೆಸರು ಯಾಕೆ ಸೇರಿಸ್ತಾನೆ?' ಅಂದವಳೇ ಡೆಸ್ಕ್‌ಟಾಪ್‌ನ ನೆಟ್ ಕೇಬಲ್ ಎಳೆದಳು. ನಾನು ಮೊದಲೆರಡು ಅಂಕಿ ಹೇಳಿ ಆಗಿತ್ತು. ಫೋನ್‌ನಲ್ಲಿ ಅಷ್ಟು ಹೊತ್ತು ಸರ್ ಸರ್ ಅಂತಿದ್ದವನು ಬೈಯೋಕೆ ಶುರುಮಾಡಿದ. ಕಟ್ ಮಾಡಿದೆವು. ನನ್ನ ಕೈ ನಡುಗುತ್ತಿತ್ತು.

ಆ ರಾತ್ರಿಯೇ 1930ಕ್ಕೆ ಫೋನ್ ಮಾಡಿದೆ. ಇದು ಸೈಬರ್ ವಂಚನೆಗೆ ಅಂತಲೇ ಇರುವ ಸರ್ಕಾರದ ಸಹಾಯವಾಣಿ, ದೇಶಕ್ಕೆಲ್ಲಾ ಇದೇ ನಂಬರ್. ಟ್ರಾನ್ಸಾಕ್ಷನ್ ನಂಬರ್, ಎಷ್ಟು ದುಡ್ಡು, ಎಷ್ಟು ಹೊತ್ತಿಗೆ, ಯಾವ ಬ್ಯಾಂಕ್ ಅಂತ ಕೇಳುತ್ತಾರೆ, ಕೈಯಲ್ಲಿ ಇಟ್ಟುಕೊಂಡೇ ಮಾಡಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಸೈಟ್‌ನಲ್ಲೂ ದೂರು ಹಾಕಬಹುದು. ಬ್ಯಾಂಕ್‌ಗೆ ತಿಳಿಸಿ ನೆಟ್ ಬ್ಯಾಂಕಿಂಗ್ ನಿಲ್ಲಿಸಿದೆ. ತಡಮಾಡಬೇಡಿ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ರಿಸರ್ವ್ ಬ್ಯಾಂಕ್ 2017ರಲ್ಲಿ ಮಾಡಿದ ನಿಯಮದ ಪ್ರಕಾರ, ನಿಮ್ಮ ತಪ್ಪಿನಿಂದಲೇ ದುಡ್ಡು ಹೋಗಿದ್ದರೂ, ಬ್ಯಾಂಕ್‌ಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ತಿಳಿಸುವವರೆಗಿನದು ನಿಮ್ಮದು. ನಾಚಿಕೆ ಅಂತ ಬೆಳಗ್ಗೆವರೆಗೆ ಕಾಯಬೇಡಿ. ಪಾಸ್‌ವರ್ಡ್‌ಗಳನ್ನು ಇನ್ನೊಂದು ಫೋನ್‌ನಿಂದ ಬದಲಿಸಿದೆವು. ಅವನು ಕೈಯಾಡಿಸಿದ ಡೆಸ್ಕ್‌ಟಾಪನ್ನು ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿದೆ.

ಪ್ರಶ್ನೆಪತ್ರಿಕೆ ಬೆಳಗ್ಗೆ ಏಳಕ್ಕೆ ಪೆನ್‌ಡ್ರೈವ್‌ನಲ್ಲಿ ಜೆರಾಕ್ಸ್ ಅಂಗಡಿಗೆ ಹೋಯಿತು. 112 ಪುಟ, ಪುಟಕ್ಕೆ ಎರಡು ರೂಪಾಯಿ, 224. ಹಿಂದಿನ ರಾತ್ರಿ ಅಷ್ಟು ಮಾಡಿದ್ದರೆ ಸಾಕಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರಿಂಟರ್ ಸರಿಮಾಡಿದ್ದು ನಮ್ಮ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ, ಇಪ್ಪತ್ತು ನಿಮಿಷದಲ್ಲಿ. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. 'ಸರ್, ಪ್ರಿಂಟರ್‌ಗೇ ವೈಫೈ ಇರುವಾಗ ಮಧ್ಯ ಡೆಸ್ಕ್‌ಟಾಪ್ ಯಾಕೆ?' ಅಂತ ಮೊದಲು ಯುಎಸ್‌ಬಿ ಕೇಬಲ್ ತೆಗೆದ. ಕರೆಂಟ್ ಹೋಗಿ ಬಂದಾಗ ಆಗುತ್ತಿದ್ದದ್ದು ಇಷ್ಟೇ. ರೂಟರ್ ಮನೆಯ ಪ್ರತಿ ಸಾಧನಕ್ಕೂ ಒಂದು ಐಪಿ ನಂಬರ್ ಹಂಚುತ್ತದೆ. ರೂಟರ್ ಆಫ್ ಆಗಿ ಆನ್ ಆದಾಗ ಪ್ರಿಂಟರ್‌ಗೆ ಮೊದಲಿನ ನಂಬರೇ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ. ನಮ್ಮದು 7ರಲ್ಲಿ ಕೊನೆಯಾಗುತ್ತಿದ್ದದ್ದು 11 ಆಗಿತ್ತು. ಲ್ಯಾಪ್‌ಟಾಪ್ ಮಾತ್ರ ಹಳೇ ನಂಬರ್‌ನ ಬಾಗಿಲು ಬಡೀತಾನೇ ಇತ್ತು. ಅವನು ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗಿ ಈ ಪ್ರಿಂಟರ್‌ಗೆ ಯಾವಾಗಲೂ ಇದೇ ನಂಬರ್ ಅಂತ ಕಾಯಂ ಮಾಡಿದ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಹಳೇ ಪ್ರಿಂಟರ್ ತೆಗೆದುಹಾಕಿ, ವಿಂಡೋಸ್ ತಾನಾಗಿ ಹುಡುಕಿದ್ದನ್ನು ಬಿಟ್ಟು, ಆ ಐಪಿ ನಂಬರನ್ನೇ ಟೈಪ್ ಮಾಡಿ, ನೇರವಾಗಿ ಆ ನಂಬರ್‌ಗೇ ಹೋಗುವ 'ಟಿಸಿಪಿ/ಐಪಿ ಪೋರ್ಟ್' ಅನ್ನೋ ದಾರಿಯಲ್ಲಿ ಸೇರಿಸಿದ. ರಿಜಿಸ್ಟ್ರಿಯಲ್ಲಿ ನಾನು ಹಾಕಿದ್ದ ಸಾಲನ್ನು ಅಳಿಸಿದ. ಕ್ಯೂನಲ್ಲಿ ಸಿಕ್ಕಿಕೊಂಡ ಹಳೇ ಪ್ರಿಂಟ್‌ಗಳನ್ನು ಸ್ಪೂಲರ್ ಸರ್ವಿಸ್ ನಿಲ್ಲಿಸಿ ಖಾಲಿ ಮಾಡೋದನ್ನೂ ಹೇಳಿಕೊಟ್ಟ.

ನಿಮ್ಮ ಮನೆಯಲ್ಲೂ ಹೀಗಾಗುತ್ತಿದ್ದರೆ ಇನ್ನೆರಡು ನೋಡಿ. ಮನೆಯ ಪ್ರಿಂಟರ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, 5 ಹಿಡಿಯಲ್ಲ. ಮತ್ತೆ ಗೆಸ್ಟ್ ವೈಫೈಗೆ ಪ್ರಿಂಟರ್ ಸೇರಿಸಬೇಡಿ, ಅಲ್ಲಿ ಸಾಮಾನ್ಯವಾಗಿ ಒಂದು ಸಾಧನಕ್ಕೆ ಇನ್ನೊಂದು ಕಾಣಲ್ಲ.

ಮಳೆಗಾಲ ಮುಗಿಯುವವರೆಗೆ ಕರೆಂಟ್ ಎಷ್ಟೋ ಸಲ ಹೋಯಿತು, ಪ್ರಿಂಟರ್ ಒಂದು ಸಲವೂ ಆಫ್‌ಲೈನ್ ಆಗಲಿಲ್ಲ. ದುಡ್ಡು ಇನ್ನೂ ಬಂದಿಲ್ಲ, ದೂರು ಹಾಗೇ ಇದೆ. ಪ್ರಿಂಟರ್ ಮೇಲೆ ಹೆಂಡತಿ ಒಂದು ಚೀಟಿ ಅಂಟಿಸಿದ್ದಾಳೆ. ಅದರಲ್ಲಿ ಪ್ರಿಂಟರ್‌ನ ಐಪಿ ನಂಬರ್, ವಾರಂಟಿ ಕಾರ್ಡ್‌ನಲ್ಲಿದ್ದ ಕಂಪನಿಯ ನಿಜವಾದ ಸಹಾಯದ ನಂಬರ್, ಕೆಳಗೆ ಕೆಂಪು ಶಾಯಿಯಲ್ಲಿ 1930. ಸಾಗರದಲ್ಲಿರುವ ಅಪ್ಪನ ಮನೆಯಲ್ಲೂ ಇದೇ ಪ್ರಿಂಟರ್ ಇದೆ, ಅವರಿಗೆ ಆ ಚೀಟಿಯ ಫೋಟೋ ಕಳಿಸಿದ್ದೇನೆ. ನಿಮ್ಮ ಅಪ್ಪ ಅಮ್ಮ ಇಬ್ಬರೇ ಇರುವ ಮನೆಯಲ್ಲಿ ಪ್ರಿಂಟರ್ ಇದ್ದರೆ ಅಲ್ಲೂ ಇಂಥದ್ದೊಂದು ಚೀಟಿ ಅಂಟಿಸಿ ಬನ್ನಿ.