ಹಿಮಾದ್ರಿಗೆ ಹೋದ ರಾಯಚೂರಿನ ಖಡಕ್ ರೊಟ್ಟಿ

ರಾಯಚೂರಿನ ನಮ್ಮ ಓಣಿಯ ರೊಟ್ಟಿ ಅಂಗಡಿಗೆ ಐದಕ್ಕೆ ನಾಲ್ಕು ಸ್ಟಾರ್. ರೊಟ್ಟಿಗೆ ಮಾತ್ರ ಆಗಿದ್ದರೆ ಐದೂ ಕೊಡುತ್ತಿದ್ದೆ.

ತಮ್ಮ ಈ ಸಲ ಚಳಿಗಾಲದ ತಂಡದ ಜೊತೆ ಹಿಮಾದ್ರಿಗೆ ಹೋಗಿದ್ದ. ನಾರ್ವೆಯ ಸ್ವಾಲ್‌ಬಾರ್ಡ್‌ನ ನೀ-ಓಲೆಸುಂಡ್ ಅನ್ನೋ ಊರಲ್ಲಿ ನಮ್ಮ ದೇಶ 2008ರಲ್ಲಿ ತೆರೆದ ಸಂಶೋಧನಾ ಕೇಂದ್ರ ಅದು. ಅಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು 1,200 ಕಿಲೋಮೀಟರ್ ಅಷ್ಟೇ. ಚಳಿಗಾಲಕ್ಕೂ ನಮ್ಮವರು ಅಲ್ಲಿ ಉಳಿಯಲು ಶುರು ಮಾಡಿದ್ದು 2023ರ ಡಿಸೆಂಬರ್‌ನಲ್ಲಿ.

ಕೊನೆಯ ದಾರಿ ಸಣ್ಣ ವಿಮಾನದಲ್ಲಿ, ಲಗೇಜ್ ಜಾಸ್ತಿ ಒಯ್ಯುವ ಹಾಗಿಲ್ಲ. ಅಂಗಡಿಯ ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವರು ಎಷ್ಟು ದಿನ ಇಡಬೇಕು, ಅಲ್ಲಿ ಗಾಳಿ ಹಸಿಯೋ ಒಣವೋ ಅಂತ ಕೇಳಿ, ಜೋಳದ ರೊಟ್ಟಿಯನ್ನು ಇನ್ನಷ್ಟು ತೆಳುವಾಗಿ ಬಡಿದು, ಎರಡು ಸಲ ಕಾಯಿಸಿ, ಡಬ್ಬಿಯ ಅಳತೆಗೆ ಸರಿಯಾಗಿ ಮಾಡಿಕೊಟ್ಟರು. ಇಷ್ಟು ಕಾಳಜಿ ದೊಡ್ಡ ಅಂಗಡಿಗಳಲ್ಲಿ ಎಲ್ಲಿ ಸಿಗುತ್ತದೆ?

ಅಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಊರು ದಾಟಿ ಉಪಕರಣ ನೋಡಲು ಹೋಗಬೇಕಾದರೆ ಹಿಮಕರಡಿ ಭಯಕ್ಕೆ ಬಂದೂಕು ಹಿಡಿದೇ ಹೋಗಬೇಕು. ವೈಫೈ, ಬ್ಲೂಟೂತ್ ಎರಡೂ ಬಂದ್. ಬಾಹ್ಯಾಕಾಶದಿಂದ ಬರುವ ತೀರಾ ಸಣ್ಣ ರೇಡಿಯೊ ಸಂಕೇತಗಳನ್ನು ಹಿಡಿಯುವ ದೊಡ್ಡ ಆಂಟೆನಾಗಳು ಅಲ್ಲಿವೆ, ಅವಕ್ಕೆ ಅಡ್ಡಿಯಾಗಬಾರದಲ್ವಾ. ತಮ್ಮ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿಕೊಂಡೇ ನಮಗೆ ಕರೆ ಮಾಡುತ್ತಿದ್ದ. ಊಟ ಎಲ್ಲ ದೇಶದವರಿಗೂ ಒಂದೇ ಮೆಸ್ಸಿನಲ್ಲಿ. ಚೆನ್ನಾಗಿಯೇ ಇರುತ್ತದಂತೆ, ಆದರೆ ಖಾರ ಇಲ್ಲ. ರಾತ್ರಿ ಕೆಲಸ ಮುಗಿಸಿ ರೂಮಿಗೆ ಬಂದು ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರೆ ಅವತ್ತಿನ ನಿದ್ದೆ ಬೇರೆ ಅಂತ ಹೇಳುತ್ತಿದ್ದ, ಕೇಳಿ ಅವ್ವನ ಕಣ್ಣು ತುಂಬಿತು.

ರೊಟ್ಟಿ ಕೊನೆಯವರೆಗೂ ಗರಿಗರಿ ಇತ್ತು. ಗುರೆಳ್ಳು ಚಟ್ನಿಯೂ ಚೆನ್ನಾಗಿತ್ತು, ಜೊತೆಗಿದ್ದ ಕೇರಳದ ಹುಡುಗ ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದನಂತೆ. ಆದರೆ ಅಗಸಿ ಚಟ್ನಿ ಬೇಗ ಕಮಟು ವಾಸನೆ ಬಂತು. ಪೊಟ್ಟಣದ ಮೇಲೆ ಮಾಡಿದ ದಿನಾಂಕ ಬರೆದಿರಲಿಲ್ಲ, ಎಣ್ಣೆ ಕಾಗದಕ್ಕೆ ಇಳಿದು ಒಂದೆರಡು ಬಟ್ಟೆಗೂ ಹತ್ತಿತ್ತು. ಒಂದು ಸ್ಟಾರ್ ಕಡಿಮೆ ಆಗಿದ್ದು ಇದಕ್ಕೇ. ಅಕ್ಕನಿಗೂ ಹೇಳಿದ್ದೇನೆ, ಈಗ ಚಟ್ನಿಗೆ ಗಟ್ಟಿ ಡಬ್ಬಿ ತರಿಸಿದ್ದಾರೆ.

ಮಕ್ಕಳು ದೂರ ಇರುವವರು ಕಣ್ಣು ಮುಚ್ಚಿ ರೊಟ್ಟಿ, ಶೇಂಗಾ, ಗುರೆಳ್ಳು ತಗೊಳ್ಳಿ. ಅಗಸಿ ಮಾತ್ರ ಊರಲ್ಲೇ ತಿನ್ನಿ. ಜಾಸ್ತಿ ಬೇಕಿದ್ದರೆ ವಾರ ಮೊದಲೇ ಹೇಳಬೇಕು, ಬಡಿಯುವವರು ಇಬ್ಬರೇ.