ತೂಗುದೀಪಕ್ಕೆ ಯಾವ ಡಿಮ್ಮರ್? ಹಾಕಿ ನೋಡಿದ ಮೇಲೆ ಬರೆದದ್ದು

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಹೋಲ್ಡರಿನ ತೂಗುದೀಪ ಇದೆ. ಸಂಜೆ ಅದರ ಕೆಳಗೇ ಮಗಳು ತಂಬೂರಿ ಹಿಡಿದು ರಿಯಾಜಿಗೆ ಕೂರುತ್ತಾಳೆ. ಊಟ ಆದ ಮೇಲೆ ಅಲ್ಲೇ ನಮ್ಮ ಮಾವನವರ ರೇಡಿಯೋ. ಹಾಗಾಗಿ ನನಗೆ ಬೇಕಿದ್ದದ್ದು ಬೆಳಕು ಇಳಿಸುವ, ಆದರೆ ಬಾಯಿ ಮುಚ್ಚಿಕೊಂಡಿರುವ ಡಿಮ್ಮರ್. ಬಲ್ಬುಗಳು 7 ವ್ಯಾಟಿನ ಎಲ್‌ಇಡಿ, ಒಟ್ಟು 28 ವ್ಯಾಟ್.

ಮೊದಲು ಹಾಕಿದ್ದು ಎಲ್ಲ ಕಡೆ ಸಿಗುವ ಗುಂಡಿ ತಿರುಗಿಸುವ ಡಿಮ್ಮರ್. ಹುಬ್ಬಳ್ಳಿಯ ದುರ್ಗದಬೈಲ್ ಕಡೆ ಡಿಮ್ಮರ್ ಕೊಡಿ ಅಂದರೆ ಇದನ್ನೇ ಕೊಡುತ್ತಾರೆ. ಒಳಗೆ ಟ್ರಯಾಕ್ ಅನ್ನುವ ಸಣ್ಣ ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತದೆ. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಸೆಕೆಂಡಿಗೆ 100 ಅರ್ಧ ಅಲೆ ಬರುತ್ತವೆ. ಇದು ಪ್ರತಿ ಅರ್ಧ ಅಲೆಯ ಮೊದಲ ಭಾಗ ತಡೆದು, ನಡುವೆ ಥಟ್ಟನೆ ಕರೆಂಟು ಬಿಡುತ್ತದೆ. ಹಳೆಯ 60 ವ್ಯಾಟಿನ ಫಿಲಮೆಂಟ್ ಬಲ್ಬಿಗೆ ಇದು ಚೆನ್ನಾಗಿಯೇ ಒಗ್ಗುತ್ತಿತ್ತು. ಎಲ್‌ಇಡಿಗೆ ತಕರಾರು ಶುರು. ಟ್ರಯಾಕ್ ಆರದೆ ಆನ್ ಆಗಿಯೇ ಇರಬೇಕಾದರೆ ಅದರ ಮೂಲಕ ಕಡಿಮೆ ಅಂದರೂ ಇಷ್ಟು ಕರೆಂಟು ಹರಿಯಲೇಬೇಕು ಅಂತ ಇದೆ. 28 ವ್ಯಾಟ್ ಸಾಲಲಿಲ್ಲ. ಗುಂಡಿ ಅರ್ಧಕ್ಕಿಂತ ಕೆಳಗೆ ಬಂದರೆ ದೀಪ ನಡುಗುತ್ತಿತ್ತು.

ಒಂದು ಹೋಲ್ಡರಿಗೆ ಹಳೆಯ 40 ವ್ಯಾಟಿನ ಬಲ್ಬ್ ಹಾಕಿದರೆ ನಡುಕ ನಿಲ್ಲುತ್ತದೆ. ಆದರೆ ಉಳಿದ ಮೂರೂ ಸೇರಿ ತಿನ್ನುವುದು 21 ವ್ಯಾಟ್, ಇದೊಂದೇ ಹತ್ತಿರ ಹತ್ತಿರ ಅದರ ಎರಡರಷ್ಟು ತಿನ್ನುತ್ತದೆ. ಯಾಕೆ ಬೇಕು?

ನಡುಕ ಹೋದರೂ ಈ ಡಿಮ್ಮರ್ ಹಾಕಿದಾಗಿನಿಂದ ಬರುತ್ತಿದ್ದ ಗುಂಯ್ ಸದ್ದು ಹೋಗಲಿಲ್ಲ. ಟಿವಿ ಹಚ್ಚಿದ ಮನೆಯಲ್ಲಿ ಅದು ಕೇಳಿಸಲಿಕ್ಕಿಲ್ಲ. ತಂಬೂರಿ ಪಕ್ಕ ಮಾತ್ರ ಕೇಳದವರಿಗೂ ಕೇಳಿಸುತ್ತದೆ. ಬೇಡದ ಇನ್ನೊಂದು ಶ್ರುತಿ ಸೇರಿದ ಹಾಗೆ! ರೇಡಿಯೋ ಕಥೆ ಇನ್ನೂ ಕೆಟ್ಟದು. ಹಾಗೆ ಥಟ್ಟನೆ ಬಿಡುವ ಕರೆಂಟಿನಿಂದ ಮೀಡಿಯಂ ವೇವ್‌ಗೆ ಕರಕರ ಹತ್ತುತ್ತದೆ. ಧಾರವಾಡ ಆಕಾಶವಾಣಿ ಇರುವುದು 765 ಕಿಲೋಹರ್ಟ್ಜ್‌ನಲ್ಲಿ, ಮೀಡಿಯಂ ವೇವ್‌ನಲ್ಲೇ. ಮಾವನವರು ಏನಂದರು ಅಂತ ಇಲ್ಲಿ ಬರೆಯುವುದಿಲ್ಲ.

ಎರಡನೆಯದು ಟ್ರೇಲಿಂಗ್ ಎಡ್ಜ್ ಡಿಮ್ಮರ್. ಇದರ ಕ್ರಮ ಉಲ್ಟಾ. ಅಲೆ ಸೊನ್ನೆಯಿಂದ ಏರುವಾಗ ಸುಮ್ನೆ ಬಿಟ್ಟು, ಬಾಲ ಕತ್ತರಿಸುತ್ತದೆ. ಥಟ್ಟನೆ ಏರುವುದೇ ಇಲ್ಲ, ಹಾಗಾಗಿ ಸದ್ದು ನನ್ನ ಕಿವಿಗಂತೂ ಬೀಳಲಿಲ್ಲ, ರೇಡಿಯೋಕ್ಕೂ ತೊಂದರೆ ಇಲ್ಲ. ಕಡಿಮೆ ವ್ಯಾಟಿನಲ್ಲೂ ನಡೆಯುತ್ತದೆ. ಬೆಲೆ ಮೊದಲಿನದರ ಹಲವು ಪಟ್ಟು. ಅಂಗಡಿಯಲ್ಲಿ ಸಿಗದೆ ತರಿಸಬೇಕಾಯಿತು. ಕೆಲವು ಮಾದರಿಗಳಲ್ಲಿ ಅತಿ ಕಡಿಮೆ ಬೆಳಕು ಎಲ್ಲಿಗೆ ನಿಲ್ಲಬೇಕು ಅಂತ ಹೊಂದಿಸುವ ಸಣ್ಣ ತಿರುಪೂ ಇರುತ್ತದೆ. ಅದಿದ್ದದ್ದನ್ನೇ ಆರಿಸಿ.

ಬಲ್ಬಿನ ಡಬ್ಬಿ ಮೇಲೆ ಡಿಮ್ಮೇಬಲ್ ಅಂತ ಇರಲೇಬೇಕು. ಸಾದಾ ಎಲ್‌ಇಡಿಯ ಡ್ರೈವರ್, ಅಂದರೆ ಬಲ್ಬಿನೊಳಗೆ ಕರೆಂಟು ಹೊಂದಿಸುವ ಸರ್ಕ್ಯೂಟ್, ವೋಲ್ಟೇಜ್ ಇಳಿದರೂ ಅಷ್ಟೇ ಬೆಳಕು ಕೊಡಲು ಹೆಣಗುತ್ತದೆ, ಆಮೇಲೆ ಮಿಣಕ್ ಅಂತ ಆರುತ್ತದೆ. ಡಿಮ್ಮರಿನ ಮೇಲಿನ 400 ವ್ಯಾಟ್ ಅನ್ನೋದನ್ನೂ ಹಾಗೇ ನಂಬಬೇಡಿ. ಬಹಳ ಸಲ ಅದು ಫಿಲಮೆಂಟ್ ಬಲ್ಬಿನ ಲೆಕ್ಕ, ಎಲ್‌ಇಡಿಗೆ ಮಿತಿ ಅದಕ್ಕಿಂತ ತುಂಬಾ ಕಡಿಮೆ.

ಫ್ಯಾನ್ ರೆಗ್ಯುಲೇಟರನ್ನೇ ಹಾಕಿ ಅನ್ನುವ ಎಲೆಕ್ಟ್ರಿಷಿಯನ್ ನಿಮಗೂ ಸಿಕ್ಕೇ ಸಿಗುತ್ತಾರೆ. ಬೇಡ. ಅದು ಮೋಟರಿಗೆ ಮಾಡಿದ್ದು.

ಮೂರನೆಯದು ವೈಫೈ ಬಲ್ಬ್. ಗೋಡೆಗೆ ಡಿಮ್ಮರೇ ಬೇಡ, ಫೋನಿನಲ್ಲಿ ಬೆಳಕು ಇಳಿಸುವುದು. ಬೆಳಕಿನ ಗುಣ ನೋಡಿದರೆ ಇದೇ ಮೇಲು, ಬಣ್ಣವನ್ನೂ ಬೆಚ್ಚಗೆ ಮಾಡಬಹುದು. ಟ್ರೇಲಿಂಗ್ ಎಡ್ಜ್‌ನಲ್ಲಿ ನಮ್ಮ ಬಲ್ಬ್ ಮಂಕಾದರೂ ಬಣ್ಣ ಅದೇ ಇರುತ್ತದೆ. ಆದರೆ ಮನೆಯಲ್ಲಿ ಯಾರೋ ರೂಢಿಯಂತೆ ಗೋಡೆಯ ಸ್ವಿಚ್ ಆರಿಸುತ್ತಾರೆ, ಫೋನು ಕೈಲಿದ್ದೂ ಏನೂ ಆಗಲ್ಲ. ರಾತ್ರಿ ಕರೆಂಟು ಹೋಗಿ ಬಂದರೆ ನಾಲ್ಕೂ ಪೂರ್ತಿ ಬೆಳಕಿನಲ್ಲಿ ತಾವಾಗಿಯೇ ಹತ್ತಿಕೊಳ್ಳುತ್ತಿದ್ದವು. ಆ್ಯಪ್ ಒಳಗೆ ಹುಡುಕಿ ಅದನ್ನು ಬದಲಿಸಬೇಕಾಯಿತು. ಇವನ್ನು ಡಿಮ್ಮರ್ ಇರುವ ಲೈನಿಗೆ ಮಾತ್ರ ಹಾಕಬೇಡಿ.

ಗೋಡೆಯೊಳಗೆ ಕೂರುವ ವೈಫೈ ಡಿಮ್ಮರ್ ವಿಚಾರ ನಮ್ಮಲ್ಲಿ ಮುಂದೆ ಹೋಗಲಿಲ್ಲ. ನಾನು ನೋಡಿದ್ದಕ್ಕೆ ನ್ಯೂಟ್ರಲ್ ವೈರ್, ಅಂದರೆ ಕರೆಂಟು ವಾಪಸು ಹೋಗುವ ವೈರ್, ಬೇಕಿತ್ತು. ಹಳೆಯ ವೈರಿಂಗಿನ ಸ್ವಿಚ್ ಬಾಕ್ಸಿನಲ್ಲಿ ಅದು ಎಲ್ಲಿಂದ ಬರಬೇಕು?

ಪಡಸಾಲೆಗೆ ಟ್ರೇಲಿಂಗ್ ಎಡ್ಜ್ ಉಳಿಸಿಕೊಂಡೆ. ವೈಫೈ ಬಲ್ಬುಗಳಲ್ಲಿ ಒಂದು ಮಗಳ ಓದುವ ಕೋಣೆಗೆ ಹೋಯಿತು. ಅಲ್ಲಿ ಸ್ವಿಚ್ ಮುಟ್ಟುವವಳು ಅವಳೊಬ್ಬಳೇ.