ನೌಕ್ರಿಯೋ, ಲಿಂಕ್ಡ್‌ಇನ್ನೋ, ಎನ್‌ಸಿಎಸ್ಸೋ?

ಬಿಕಾಂ ಮುಗಿಸಿದ ತಂಗಿ ನೌಕ್ರಿ, ಲಿಂಕ್ಡ್‌ಇನ್, ಎನ್‌ಸಿಎಸ್ (ನ್ಯಾಷನಲ್ ಕೆರಿಯರ್ ಸರ್ವಿಸ್) ಎಂಬ ಮೂರು ಜಾಲತಾಣಗಳಲ್ಲಿ ಯಾವುದರಲ್ಲಿ ಕೆಲಸ ಹುಡುಕಲಿ ಅಂತ ಕೇಳಿದ್ದೀರಿ. ಮೂರರಲ್ಲೂ ಖಾತೆ ತೆರೆಯಲು ದುಡ್ಡು ಬೇಡ. ‘ನೋಂದಣಿಗೆ 500 ರೂಪಾಯಿ ಕಳಿಸಿ’ ಅಂತ ಯಾರಾದರೂ ಫೋನ್ ಮಾಡಿದರೆ ದಯವಿಟ್ಟು ಕೊಡಬೇಡಿ.

ಬೇಗ ಕರೆ ಬರಬೇಕಾದರೆ ನೌಕ್ರಿ. ಅಲ್ಲಿ ಕಂಪನಿಯವರೇ ಪದ ಹಾಕಿ ರೆಸ್ಯೂಮೆ ಹುಡುಕುತ್ತಾರೆ. ಸುಮ್ನೆ ‘ಅಕೌಂಟ್ಸ್’ ಅಂತ ಬರೆದರೆ ಸಾಲದು. ‘ಟ್ಯಾಲಿ, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ರೆಕನ್ಸಿಲಿಯೇಷನ್ (ಲೆಕ್ಕ ತಾಳೆ ನೋಡುವುದು)’ ಅಂತ ಬಿಡಿಸಿ ಬರೆಯಲಿ. ಬೇಡದ ಕರೆಗಳೂ ಜಾಸ್ತಿ, ಅದನ್ನು ತಡೆದುಕೊಳ್ಳಬೇಕು.

ಲಿಂಕ್ಡ್‌ಇನ್ನಿಗೆ ತಾಳ್ಮೆ ಬೇಕು. ಆದರೆ ಕಾಲೇಜಿನ ಸೀನಿಯರ್ ಯಾರಾದರೂ ಒಳ್ಳೆ ಕಂಪನಿಯಲ್ಲಿದ್ದರೆ, ಅವರ ಒಂದು ರೆಫರಲ್ (ತಮ್ಮ ಕಂಪನಿಗೆ ಮಾಡುವ ಶಿಫಾರಸು) ಹತ್ತಾರು ಅರ್ಜಿಗಿಂತ ಮೇಲು ಅಂತ ನನಗನ್ನಿಸುತ್ತದೆ.

ಊರ ಹತ್ತಿರವೇ ಕೆಲಸ ಬೇಕಿದ್ದರೆ, ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಎನ್‌ಸಿಎಸ್ ನೋಡಲಿ. ಉದ್ಯೋಗ ಮೇಳಗಳ ವಿವರವೂ ಅಲ್ಲಿರುತ್ತದೆ.